ಬೆಲ್ಲದ ಕೊಪ್ಪರಿಗೆಯ ಹಬೆಯನ್ನು ಹೊರಗೆ ಕಳುಹಿಸುವ ಕ್ರಮ

ಕಬ್ಬಿನ ಹಾಲು ಬೆಲ್ಲವಾಗಬೇಕಾದರೆ ಅದರಲ್ಲಿರುವ ನೀರು ಹಬೆಯಾಗಿ ಹೋಗಬೇಕೆಂಬುದನ್ನು ಎಲ್ಲರೂ ಬಲ್ಲರು. ಆದರೆ ಕೊಪ್ಪರಿಗೆಯನ್ನು ಬಿಟ್ಟ ಹಬೆಯು ಆಮೇಲೆ ಎಲ್ಲಿಗೆ ಹೋಗುತ್ತದೆಂಬುದನ್ನು ವಿಚಾರಿಸುವವರು ವಿರಳ. ಗಾಣದ ಮನೆಯನ್ನು ಕಟ್ಟಿಸುವಾಗ ಗಾಣಕ್ಕೆ ಇಷ್ಟು, ಒಲೆಗೆ ಇಷ್ಟು, ಹೊಗೆಯ ಕೊಳವೆಗೆ ಇಷ್ಟು, ಕೊಪ್ಪರಿಗೆಗೆ ಇಷ್ಟು ಎಂದು ಹಣವನ್ನು ಎಣಿಸಿಡುತ್ತಾರೆ. ಹಬೆಗೆ ಮಾತ್ರ ಯಾರೂ ದಾರಿ ಇಡುವುದಿಲ್ಲ. ಅದು ತನಗೆ ತೋರಿದ ಕಡೆಗೆ ಹೋಗಲಿ ಎಂದು ಬಿಟ್ಟುಬಿಡುತ್ತಾರೆ; ಅದು ಛಾವಣಿಯವರೆಗೆ ಹೋಗಿ ನೀರಾಗಿ ತಿರುಗಿ ಕೊಪ್ಪರಿಗೆಗೇ ಬೀಳುತ್ತದೆ.

ಹೊಸಪೇಟೆ ಮತ್ತು ಕಂಪ್ಲಿಯ ಭಾಗಗಳಲ್ಲಿ ವಿಜಯನಗರದ ಅರಸರು ತುಂಗಭದ್ರೆಗೆ ಒಡ್ಡುಗಳನ್ನು ಹಾಕಿಸಿ ತೆಗೆಸಿದ ಕಾಲುವೆಗಳ ಕೆಳಗೆ ಕಬ್ಬನ್ನು ಬೆಳೆದು ಬೆಲ್ಲ ಮಾಡುವುದು ಬಹು ಹಿಂದಿನ ಕಸುಬು. ಮೈಸೂರು ಮಂಡ್ಯದ ಕಡೆಯವರು ಆಲೆಮನೆಯೆಂದು ಕರೆಯುವುದನ್ನು ಈ ಕಡೆಯವರು ಗಾಣವೆಂದೇ ಹೆಚ್ಚಾಗಿ ಕರೆಯುವರು. ಈ ಪತ್ರಿಕೆಯನ್ನು ಕಾಲುವೆಯ ಊರುಗಳ ಹಿಡುವಳಿದಾರರಿಗೂ, ಯಶವಂತನಗರ ಮತ್ತು ಸಂಡೂರಿನ ಕಣಿವೆಯಲ್ಲಿ ಬಾವಿಯ ನೀರಿನಿಂದ ಸ್ವಲ್ಪ ಕಬ್ಬನ್ನು ಮಾಡಿ ಸ್ವಂತಕ್ಕೆ ಒಲೆ ಹೂಡಬೇಕೆಂದಿರುವವರಿಗೂ, ಊರಿನ ಮುಖಂಡರಿಗೂ ಉದ್ದೇಶಿಸಿ ಬರೆದಿದೆ.

ಮೊದಲು ಹಬೆಯ ಮೊತ್ತವನ್ನು ಲೆಕ್ಕ ಹಾಕಿ ನೋಡೋಣ. ಒಂದು ಅಡಿಗೆಗೆ ೪೦೦ ಕಿಲೋ ಹಾಲನ್ನು ಕೊಪ್ಪರಿಗೆಗೆ ಹಾಕಿದೆವೆಂದು ತಿಳಿಯಿರಿ. ಕಬ್ಬು ಚೆನ್ನಾಗಿ ಮಾಗಿದ್ದರೆ ಅದರಿಂದ ೭೫ರಿಂದ ೮೦ ಕಿಲೋ ಬೆಲ್ಲ ಇಳಿಯುವುದು. ಉಳಿದ ಸುಮಾರು ೩೨೦ ಕಿಲೋ ನೀರೆಲ್ಲವೂ ಎರಡೂವರೆ ಮೂರು ಗಂಟೆಗಳೊಳಗಾಗಿ ಗಾಳಿಗೆ ಸೇರಬೇಕು. ಒಂದು ಕಿಲೋ ನೀರು ಕುದಿದು ಹಬೆಯಾದರೆ ಸುಮಾರು ೫೯ ಘನ ಅಡಿಗಳಷ್ಟು ಸ್ಥಳವನ್ನು ಹಿಡಿಯುತ್ತದೆ. ಹೀಗೆ ಒಂದೇ ಅಡಿಗೆಯಿಂದ ಹೊರಡುವ ಹಬೆಯು ೧೮,೮೦೦ ಘನ ಅಡಿಗಳಿಗೆ ಮೇಲ್ಪಡುವುದು. ೩೦ ಅಡಿ ಉದ್ದ, ೨೦ ಅಡಿ ಅಗಲ, ಸರಾಸರಿ ೧೨ ಅಡಿ ಎತ್ತರದ ಗಾಣದ ಮನೆಯ ಒಟ್ಟು ಗಾತ್ರವಾದರೋ ೭,೨೦೦ ಘನ ಅಡಿಗಳು ಮಾತ್ರ. ಅಂದರೆ ಒಂದು ಅಡಿಗೆ ಮುಗಿಯುವುದರೊಳಗೆ ಇಡೀ ಮನೆಯನ್ನು ಎರಡೂವರೆ ಸಲ ತುಂಬುವಷ್ಟು ಹಬೆ ಹುಟ್ಟುತ್ತದೆ. ದಿನಕ್ಕೆ ಐದು ಅಡಿಗೆ ಇಳಿಸುವವನ ಮನೆಯಲ್ಲಿ ೧,೬೦೦ ಕಿಲೋ ನೀರು ತಲೆಯ ಮೇಲೆ ಹಾದುಹೋಗಬೇಕಾಗಿದೆ. ಅದಕ್ಕೆ ಸರಿಯಾದ ಬಾಗಿಲನ್ನು ಇಡದಿದ್ದರೆ ಅದು ಮನೆಯೊಳಗೇ ನಿಲ್ಲುವುದರಲ್ಲಿ ಆಶ್ಚರ್ಯವೇನು?

ಕಬ್ಬು ಅರೆಯುವ ಕಾಲವು ಚಳಿಗಾಲವಾದುದರಿಂದ ಈ ತೊಂದರೆ ಇಮ್ಮಡಿಯಾಗುವುದು. ಮುಂಜಾನೆಯ ಹೊತ್ತಿಗೆ ತಗಡು ಮಂಜಿನಂತೆ ತಣ್ಣಗಿರುತ್ತದೆ. ಹಬೆ ಅದಕ್ಕೆ ತಗುಲಿದೊಡನೆ ಹನಿಗಟ್ಟುತ್ತದೆ. ಸಂಡೂರಿನಂತೆ ಸುತ್ತಲೂ ಬೆಟ್ಟವಿರುವ ತಗ್ಗಿನಲ್ಲಿ ರಾತ್ರಿಯ ತಣ್ಣನೆಯ ಗಾಳಿ ಇಳಿದು ನೆಲಹಿಡಿದು ಕುಳಿತಿರುವುದರಿಂದ ಹೊತ್ತು ಏರುವವರೆಗೆ ಎಲೆ ಸಹ ಅಲುಗುವುದಿಲ್ಲ. ಬಯಲು ಸೀಮೆಯ ಗಾಣದಲ್ಲಿ ಗಾಳಿಯು ಹೇಗೋ ಸಾಗಿಸಿಬಿಡುವ ಹಬೆಯನ್ನು ಇಲ್ಲಿ ನಾವೇ ದಾರಿ ತೋರಿಸಿ ಕಳುಹಿಸಬೇಕಾಗಿದೆ.

ನಿಂತ ಹಬೆಯಿಂದ ಆಗುವ ಕೇಡುಗಳಲ್ಲಿ ಬೆಲ್ಲದ ಬಣ್ಣವು ಕೆಡುವುದು ಒಂದು. ಛಾವಣಿಯಿಂದ ತೊಟ್ಟಿಕ್ಕುವ ನೀರು ಶುದ್ಧವಾದ ನೀರಲ್ಲ. ಹುಲ್ಲಿನ ಮಾಡಾದರೆ ಕೊಳೆತ ಹುಲ್ಲನ್ನೂ ಇಲ್ಲಣವನ್ನೂ, ತಗಡಾದರೆ ತುಕ್ಕನ್ನೂ ಮಸಿಯನ್ನೂ ತೊಳೆದುಕೊಂಡು ಬರುತ್ತದೆ. ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದ ಗಾಣಗಳಲ್ಲಿ ಜಂತಿಗಳ ಮೇಲೆ ಕೆಂಪು ಧೂಳು ಕುಳಿತಿರುವುದನ್ನು ನೀವೇ ನೋಡಿದ್ದೀರಿ. ಆ ಧೂಳು ಕೊಪ್ಪರಿಗೆಗೆ ಇಳಿಯಲು ಇದೇ ದಾರಿ. ಸುಣ್ಣದ ತಿಳಿಯನ್ನು ಹಾಕಿ, ಬೆಂಡೆಯ ಗಿಡದ ಲೋಳೆಯನ್ನು ಹಾಕಿ, ಮೇಲೆದ್ದ ಮಡ್ಡಿಯನ್ನು ಶ್ರಮಪಟ್ಟು ತೆಗೆದು ಹಾಲನ್ನು ತಿಳಿ ಮಾಡಿದ ಮೇಲೆ ಕೊಳೆಯು ಮೇಲಿನಿಂದ ಬಿದ್ದರೆ ಅದನ್ನು ತೆಗೆಯಲು ಯಾವ ಉಪಾಯವೂ ಇಲ್ಲ. ಬಣ್ಣ ಕೆಟ್ಟಿತೆಂದು ವರ್ತಕನು ಬೆಲೆ ಇಳಿಸುತ್ತಾನೆ. ಬೆಲೆ ಇಳಿಯಿತೆಂದು ರೈತನು ಮುಂದಿನ ಅಡಿಗೆಗೆ ಹೈಡ್ರೋಸಿನ ಪುಡಿಯನ್ನು ಒಂದು ಹಿಡಿ ಹೆಚ್ಚಾಗಿ ಸುರಿಯುತ್ತಾನೆ. ಆ ಪುಡಿಯಿಂದ ಬರುವ ಬಿಳುಪು ಕೆಲವು ವಾರಗಳ ಮಾತು. ಅದರ ಗಂಧಕವು ತಿನ್ನುವವರ ಹೊಟ್ಟೆಗೆ ಹೋಗುವುದಲ್ಲದೆ ಕಾನೂನಿನ ಮಿತಿಯನ್ನೂ ಮೀರುವುದು. ಮಾಡಿನಲ್ಲಿ ಇರುವ ದೋಷಕ್ಕೆ ಕೊಪ್ಪರಿಗೆಯಲ್ಲಿ ಮದ್ದು ಹಾಕುವುದು ಯಾವ ನ್ಯಾಯ?

ಇನ್ನೊಂದು ಕೇಡು ಹದದ ಹೊತ್ತಿನಲ್ಲಿ ಬರುವಂಥದು. ಅಚ್ಚುಬೆಲ್ಲಕ್ಕೆ ಪಾಕವು ಸುಮಾರು ೧೧೮ರಿಂದ ೧೨೦ ಡಿಗ್ರಿ ಸೆಂಟಿಗ್ರೇಡಿಗೆ ಏರಬೇಕು. ಜೋನಿ ಬೆಲ್ಲಕ್ಕಾದರೆ ೧೦೫-೧೦೬ ಡಿಗ್ರಿಗೆ ನಿಲ್ಲಿಸಬೇಕು. ಉಷ್ಣಮಾಪಕವಿಲ್ಲದವರು ಗುಳ್ಳೆಯ ಆಕಾರವನ್ನೂ, ಪಾಕದ ಬಣ್ಣವನ್ನೂ, ನೀರಿಗೆ ಹಾಕಿದ ಹನಿ ಉಂಡೆಗಟ್ಟುವುದನ್ನೂ ನೋಡಿ ಹದವನ್ನು ನಿಶ್ಚಯಿಸುವರು. ಹಬೆಯು ಮುಖಕ್ಕೆ ಕವಿದುಕೊಂಡಿದ್ದರೆ ಗುಳ್ಳೆ ಕಾಣುವುದೆಂತು? ಎರಡು ನಿಮಿಷ ತಡವಾದರೂ ಪಾಕ ಸೀಯುತ್ತದೆ. ಬೇಗ ಇಳಿಸಿದರೆ ಪೆಂಟಿ ಗಟ್ಟಿಯಾಗದೆ ಮಳೆಗಾಲಕ್ಕೆ ನೀರೊಡೆಯುತ್ತದೆ. ಮೇಲಾಗಿ ನೂರು ಡಿಗ್ರಿಯನ್ನು ಮೀರಿದ ಮಂದ ಪಾಕದ ಮೇಲೆ ತಣ್ಣೀರಿನ ಹನಿ ಬಿದ್ದರೆ ಅದು ಆ ಕ್ಷಣವೇ ಹಬೆಯಾಗಿ ಸಿಡಿದು ಪಾಕವನ್ನು ಸುತ್ತಲಿದ್ದವರ ಮೈಮೇಲೆ ಎರಚುತ್ತದೆ.

ಈ ವಿಷಯದಲ್ಲಿ ನನ್ನ ಸ್ವಂತ ತಪ್ಪೊಂದನ್ನು ಹೇಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ ಪುಷ್ಯಮಾಸದ ಒಂದು ಬೆಳಗಿನ ಜಾವ ಕಾಲುವೆಯ ಬದಿಯ ಒಂದು ಗಾಣಕ್ಕೆ ಹೋಗಿದ್ದೆನು. ಹೊರಗಿನಿಂದ ನೋಡಿದರೆ ಮನೆಗೆ ಬೆಂಕಿ ಬಿದ್ದಿದೆಯೋ ಎನ್ನುವಂತೆ ಬಾಗಿಲಿನಿಂದ ಬಿಳಿಯ ಹಬೆ ಹೊರಳುತ್ತಿತ್ತು. ಒಳಗೆ ದೀಪವಿದ್ದರೂ ಅದರ ಬೆಳಕು ಹಬೆಯ ಮೇಲೆ ಬಿದ್ದು ಕಣ್ಣಿಗೇ ಹೊಡೆಯುತ್ತಿತ್ತು. ಮಾರು ದೂರದ ಮನುಷ್ಯನು ಕಾಣುತ್ತಿರಲಿಲ್ಲ. ಸುಣ್ಣದ ತಿಳಿಯ ಬಕೀಟನ್ನು ಹಿಡಿದು ಬಂದ ಆಳೊಬ್ಬನು ಕೊಪ್ಪರಿಗೆಯ ಅಂಚು ಇನ್ನೂ ಎರಡು ಹೆಜ್ಜೆ ಆಚೆಗಿದೆಯೆಂದು ತಿಳಿದು ಕಾಲಿಟ್ಟನು. ನೆಲವು ತೊಟ್ಟಿಕ್ಕಿದ ನೀರಿನಿಂದ ಜಾರುತ್ತಿತ್ತು. ಬೀಳುವಾಗ ಊರಿದ ಬಲಗೈ ಮೊಣಕೈಯವರೆಗೆ ಕುದಿಯುವ ಹಾಲಿನೊಳಗೆ ಹೋಯಿತು. ಅವನು ಬದುಕಿದನು, ಆದರೆ ಆ ಕೈಯ ಬೆರಳುಗಳು ಈಗ ಮುಷ್ಟಿ ಕಟ್ಟುವುದಿಲ್ಲ. ಗಾಣದ ಯಜಮಾನರು ಕೆಟ್ಟವರಲ್ಲ, ಚಿಕಿತ್ಸೆಗೆ ಕೈಬಿಚ್ಚಿ ಖರ್ಚು ಮಾಡಿದರು. "ಹಬೆ ಇಲ್ಲದೆ ಬೆಲ್ಲ ಆಗತದೇನ್ರೀ ಸಾಹೇಬ್ರ?" ಎಂದು ಅವರು ಕೇಳಿದ್ದಕ್ಕೆ ಆ ಹೊತ್ತಿನಲ್ಲಿ ನನ್ನಲ್ಲಿ ಉತ್ತರವಿರಲಿಲ್ಲ. ಏಕೆಂದರೆ ಹಿಂದಿನ ವರ್ಷ ಅದೇ ಗಾಣವನ್ನು ತನಿಖೆ ಮಾಡಿ ಸುಣ್ಣದ ಪ್ರಮಾಣ, ಬೆಲ್ಲದ ಬಣ್ಣ, ಒಲೆಯ ಬಾಯಿ ಇವುಗಳ ವಿಷಯವಾಗಿ ಎರಡು ಪುಟ ಬರೆದಿದ್ದ ನಾನು ತಲೆಯೆತ್ತಿ ಮಾಡನ್ನು ನೋಡಿರಲಿಲ್ಲ.

ಹಬೆಯ ಸುಡುವಿಕೆ ಬಿಸಿನೀರಿನದಕ್ಕಿಂತ ಘೋರವಾಗಲು ಕಾರಣವುಂಟು. ಒಂದು ಕಿಲೋ ನೀರನ್ನು ೨೫ ಡಿಗ್ರಿಯಿಂದ ಕುದಿಯುವವರೆಗೆ ಕಾಯಿಸಲು ೭೫ ಕಿಲೋಕ್ಯಾಲರಿ ಶಾಖ ಸಾಕು. ಅದೇ ನೀರನ್ನು ಹಬೆ ಮಾಡಲು ಇನ್ನೂ ೫೪೦ ಬೇಕು. ಹಬೆಯು ಚರ್ಮಕ್ಕೆ ತಗುಲಿ ನೀರಾಗುವಾಗ ಈ ೫೪೦ನ್ನೂ ಚರ್ಮಕ್ಕೇ ಒಪ್ಪಿಸುತ್ತದೆ. ಸುಟ್ಟ ಭಾಗದ ಮೇಲೆ ಕೂಡಲೇ ತಣ್ಣೀರನ್ನು ಇಪ್ಪತ್ತು ನಿಮಿಷ ಬಿಡದೆ ಹೊಯ್ದು, ಒಗೆದ ಬಟ್ಟೆಯನ್ನು ಸಡಿಲವಾಗಿ ಮುಚ್ಚಿ ಆಸ್ಪತ್ರೆಗೆ ಒಯ್ಯತಕ್ಕದ್ದು. ಸುಣ್ಣ, ಶಾಯಿ, ಅರಿಸಿನ, ಎಣ್ಣೆ ಇವುಗಳನ್ನು ಹಚ್ಚಕೂಡದು. ಅಂಟಿದ ಪಾಕವನ್ನು ಕಿತ್ತು ತೆಗೆಯಲೂಕೂಡದು.

ಅನುಭವಸ್ಥರಾದ ಕೆಲವು ಹಿರಿಯರು, ಹಬೆಯನ್ನು ಹೊರಗೆ ಬಿಟ್ಟರೆ ಮನೆಯ ಕಾವು ಹೋಗಿ ಸಿಪ್ಪೆ ಹೆಚ್ಚು ಖರ್ಚಾಗುವುದೆಂದು ವಾದಿಸುವರು. ಕೇಳಲು ಸರಿಯಾಗಿ ತೋರಿದರೂ ಇದು ನಿಲ್ಲತಕ್ಕ ಮಾತಲ್ಲ. ಹಾಲು ಕುದಿಯಲು ತೊಡಗಿದ ಮೇಲೆ ಎಷ್ಟು ನೀರು ಆರಬೇಕೆಂಬುದನ್ನು ಕೆಳಗಿನ ಉರಿಯೇ ನಿರ್ಧರಿಸುತ್ತದೆ. ಹಬೆಯೊಡನೆ ಹೋದ ಶಾಖವು ಮಾಡಿಗೂ ಗೋಡೆಗೂ ಸೇರುವುದಲ್ಲದೆ ಕೊಪ್ಪರಿಗೆಗೆ ಹಿಂತಿರುಗದು; ಹಿಂತಿರುಗುವುದು ತೊಟ್ಟಿಕ್ಕಿದ ನೀರೊಂದೇ, ಅದನ್ನು ಮತ್ತೆ ಹಬೆ ಮಾಡಲು ಮತ್ತೆ ಸಿಪ್ಪೆಯನ್ನು ಸುಡಬೇಕು. ಅಷ್ಟೇ ಅಲ್ಲ, ಒಲೆಯ ಬಾಯಿಯ ಬಳಿ ಒಟ್ಟಿದ ಸಿಪ್ಪೆಯು ಹಬೆಯನ್ನು ಹೀರಿ ತೇವವಾಗುತ್ತದೆ. ತೇವದ ಸಿಪ್ಪೆ ಮೊದಲು ತನ್ನ ನೀರನ್ನು ಆರಿಸಿಕೊಂಡು ಅನಂತರ ಉರಿಯಬೇಕಾದುದರಿಂದ ಹೊಗೆಯೇ ಹೆಚ್ಚು, ಉರಿ ಕಡಿಮೆ. ಅಡಿಗೆ ತಡವಾದಷ್ಟೂ ಸಕ್ಕರೆಯ ಅಂಶ ಒಡೆದು ಬೆಲ್ಲ ಕಪ್ಪಾಗುವುದು, ಗಟ್ಟಿಯಾಗದಿರುವುದು. ಕಾವನ್ನು ಉಳಿಸಲು ಇಚ್ಛೆಯುಳ್ಳವರು ಹೊಗೆ ಹೋಗುವ ದಾರಿಯ ಮೇಲೆ ಚಿಕ್ಕ ಕೊಪ್ಪರಿಗೆಯೊಂದನ್ನು ಕೂಡಿಸಿ ಮುಂದಿನ ಅಡಿಗೆಯ ಹಾಲನ್ನು ಅಲ್ಲಿ ಬಿಸಿ ಮಾಡಿಕೊಳ್ಳಬಹುದು.

ಈಗ ಪರಿಹಾರಕ್ಕೆ ಬರುವೆನು. ನಮ್ಮ ಅಡಿಗೆಮನೆಗಳ ಗವಾಕ್ಷಿಯನ್ನು ಯೋಚಿಸಿರಿ. ಅದನ್ನೇ ದೊಡ್ಡದಾಗಿ, ಕೊಪ್ಪರಿಗೆಯ ನೆತ್ತಿಗೆ ನೇರವಾಗಿ ಇಡಬೇಕು. ಇದನ್ನು ಹಬೆಗಂಡಿಯೆಂದು ಕರೆಯೋಣ; ಭೀಮಗಂಡಿ, ಓಬಳಗಂಡಿಗಳನ್ನು ಬಲ್ಲ ಸಂಡೂರಿನವರಿಗೆ ಗಂಡಿಯೆಂದರೇನೆಂದು ವಿವರಿಸಬೇಕಾದುದಿಲ್ಲ. ಮೇಲೆ ಹೇಳಿದ ೪೦೦ ಕಿಲೋ ಅಡಿಗೆಗೆ ಛಾವಣಿಯ ನೆತ್ತಿಯಲ್ಲಿ ಎಂಟು ಅಡಿ ಉದ್ದ, ಎರಡೂವರೆ ಅಡಿ ಅಗಲದ ಗಂಡಿಯನ್ನು ಬಿಡತಕ್ಕದ್ದು. ಹಬೆಯು ತಾನೊಂದೇ ಮೇಲೇರುವುದಿಲ್ಲ, ತನ್ನ ಹಲವು ಪಟ್ಟು ಗಾಳಿಯನ್ನು ಎಳೆದುಕೊಂಡು ಏರುತ್ತದೆ. ಆದಕಾರಣ ಇದಕ್ಕಿಂತ ಚಿಕ್ಕ ಗಂಡಿ ಗಾಳಿಯಿಲ್ಲದ ಮುಂಜಾನೆಯಲ್ಲಿ ಸಾಲದಾಗುವುದು. ಗಂಡಿಯ ಮೇಲೆ ಒಂದೂವರೆ ಅಡಿ ಎತ್ತರದ ಗೂಟಗಳನ್ನು ನಿಲ್ಲಿಸಿ ಚಿಕ್ಕ ಮಾಡೊಂದನ್ನು ಹೊದಿಸಬೇಕು. ಅದರ ಅಂಚು ಗಂಡಿಯಿಂದ ಒಂದೊಂದು ಅಡಿ ಹೊರಚಾಚಿರಲಿ. ಎರಡು ಪಕ್ಕಗಳಿಗೂ ಕೀಲಿನ ಹಲಗೆಗಳನ್ನು ಇಟ್ಟು ಕೆಳಗಿನಿಂದ ಹಗ್ಗದಿಂದ ಎಳೆಯುವಂತೆ ಮಾಡಿದರೆ ಗಾಳಿ ಬೀಸುವ ಪಕ್ಕವನ್ನು ಮುಚ್ಚಿ ಮರೆಯ ಪಕ್ಕವನ್ನು ತೆರೆಯಬಹುದು. ಗಾಳಿಯ ಪಕ್ಕವನ್ನು ತೆರೆದಿಟ್ಟರೆ ಹಬೆ ಹೊರಡುವ ಬದಲು ಒಳಕ್ಕೆ ನೂಕಲ್ಪಡುತ್ತದೆ.

ಬೆಲ್ಲದ ಕಾಲದಲ್ಲಿ ಬಯಲಿನಲ್ಲಿ ಗಾಳಿ ಸಾಧಾರಣವಾಗಿ ಮೂಡಲು ಮತ್ತು ಈಶಾನ್ಯದ ಕಡೆಯಿಂದ ಬರುವುದು. ಆದರೆ ಬೆಟ್ಟದ ಮಗ್ಗುಲಿನಲ್ಲಿ ಈ ನಿಯಮವನ್ನು ನಂಬಿ ಕಟ್ಟಬಾರದು. ಕಟ್ಟುವ ಸ್ಥಳದಲ್ಲಿ ಎಂಟು ದಿನ ಬೆಳಗಿನ ಜಾವ ಹಸಿ ಸೊಪ್ಪಿನ ಹೊಗೆ ಹಾಕಿ ಅದು ಯಾವ ಕಡೆಗೆ ವಾಲುತ್ತದೆಂಬುದನ್ನು ನೋಡಿ ಗುರುತಿಟ್ಟುಕೊಳ್ಳಿರಿ. ಖರ್ಚಿಲ್ಲದ ಈ ಪರೀಕ್ಷೆಯನ್ನು ಮಾಡಿದವರು ನನಗೆ ತಿಳಿದಂತೆ ಇಬ್ಬರೇ.

ಮೇಲೆ ಗಂಡಿ ಇಟ್ಟರೆ ಸಾಲದು. ಕೆಳಗಿನಿಂದ ಗಾಳಿ ಬಾರದಿದ್ದರೆ ಮೇಲಿನಿಂದ ಹಬೆ ಹೊರಡದು. ಮುಚ್ಚಿದ ಗಡಿಗೆಯ ಬಾಯಿಗೆ ಎಷ್ಟು ದೊಡ್ಡ ತೂತು ಮಾಡಿದರೂ ಬುಡದಲ್ಲಿ ತೂತಿಲ್ಲದೆ ಗಾಳಿ ಹರಿಯುವುದೇ? ಮೊಣಕಾಲಿನ ಮಟ್ಟದಲ್ಲಿ ಗೋಡೆಗಳ ಉದ್ದಕ್ಕೂ ಒಟ್ಟು ಇಪ್ಪತ್ತು ಚದರ ಅಡಿಗೆ ಕಡಿಮೆಯಿಲ್ಲದಷ್ಟು ಕಂಡಿಗಳನ್ನು ಬಿಡಬೇಕು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ನಾಲ್ಕು ಕಂಬ ನೆಟ್ಟು ಗೋಡೆಯೇ ಇಲ್ಲದೆ ಬಿಟ್ಟ ಗಾಣಗಳಲ್ಲಿ ಗಾಳಿಯು ಕೊಪ್ಪರಿಗೆಯ ಮೇಲೆ ಅಡ್ಡಲಾಗಿ ಬೀಸಿ ಹಬೆಯನ್ನು ಗಂಡಿಗೆ ಏರಗೊಡದೆ ಅಚ್ಚು ಹಾಕುವವರ ಮುಖಕ್ಕೆ ತಳ್ಳುತ್ತದೆ, ಒಲೆಯ ಉರಿಯನ್ನೂ ಕೆಡಿಸುತ್ತದೆ. ಆದುದರಿಂದ ಗಾಳಿಯ ದಿಕ್ಕಿಗೆ ಕಬ್ಬಿನ ರವದಿಯಿಂದಲಾದರೂ ಆಳೆತ್ತರದ ತಟ್ಟಿಯನ್ನು ಕಟ್ಟುವುದು ಅವಶ್ಯ. ತಟ್ಟಿಯು ಒಲೆಯ ಬಾಯಿಂದ ದೂರವಿರಲಿ, ಕಿಡಿ ತಾಗೀತು.

ಮಾಡು ತಗಡಿನದಾದರೆ ಅದರ ಇಳಿಜಾರು ಎರಡು ಅಡಿಗೆ ಒಂದಡಿಗಿಂತ ಕಡಿಮೆಯಾಗಬಾರದು. ಹೆಚ್ಚು ಇಳಿಜಾರಾದರೆ ತಗಡಿನ ಒಳಮೈಗೆ ಹಿಡಿದ ಹನಿಗಳು ಅದನ್ನೇ ಅಂಟಿಕೊಂಡು ಸೂರಿನವರೆಗೆ ಜಾರಿ ಹೊರಗೆ ಬೀಳುವುವು. ಮಟ್ಟವಾಗಿದ್ದರೆ ಇದ್ದಲ್ಲಿಯೇ ಉದುರುವುವು. ಹನಿಯು ಜಾರುವ ದಾರಿಯಲ್ಲಿ ಅಡ್ಡಪಟ್ಟಿ ಸಿಕ್ಕಿದರೆ ಅಲ್ಲಿ ನಿಂತು ತೊಟ್ಟಿಕ್ಕುವುದು. ಆದಕಾರಣ ಕೊಪ್ಪರಿಗೆಯ ನೇರಕ್ಕೆ ಅಡ್ಡಪಟ್ಟಿ ಬಾರದಂತೆ ಬಡಗಿಗೆ ಮೊದಲೇ ಹೇಳಬೇಕು. ಹಳೆಯ ಮನೆಯಲ್ಲಿ ಅಡ್ಡಪಟ್ಟಿ ಇದ್ದೇ ಇದ್ದರೆ ಅದರ ಕೆಳಗೆ ಅರ್ಧ ಸೀಳಿದ ಬಿದಿರಿನ ದೋಣಿಯನ್ನು ಓರೆಯಾಗಿ ಕಟ್ಟಿ ನೀರನ್ನು ಪಕ್ಕಕ್ಕೆ ಸಾಗಿಸಬಹುದು. ನಾಲ್ಕಾಣೆಯ ಕೆಲಸವೆಂದು ಹಿಂದಿನವರು ಹೇಳುತ್ತಿದ್ದಂಥ ಕೆಲಸವಿದು. ಒಂದು ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಅಮೆರಿಕದ ವರ್ಮಾಂಟ್ ಮತ್ತು ಕೆನಡದ ಕ್ವಿಬೆಕ್ ಪ್ರಾಂತಗಳಲ್ಲಿ ಮೇಪಲ್ ಎಂಬ ಮರದ ಕಾಂಡವನ್ನು ಕೊರೆದು ಇಳಿಸಿದ ನೀರನ್ನು ನಮ್ಮ ಹಾಗೆಯೇ ಕಾಯಿಸಿ ಜೋನಿಯಂತಹ ಸಿಹಿಪಾಕವನ್ನು ಮಾಡುವರು. ಆ ನೀರಿನಲ್ಲಿ ಸಕ್ಕರೆಯು ನೂರಕ್ಕೆ ಸುಮಾರು ಎರಡು ಪಾಲು ಮಾತ್ರ. ಒಂದು ಲೀಟರು ಪಾಕಕ್ಕೆ ಸುಮಾರು ೪೦ ಲೀಟರು ನೀರನ್ನು ಕಾಯಿಸಬೇಕು. ನಮ್ಮ ಕಬ್ಬಿನ ಹಾಲಿನ ಮುಂದೆ ಅದು ಬಡತನದ ರಸವೆಂದೇ ಹೇಳಬೇಕು. ಅಷ್ಟೊಂದು ಹಬೆಯನ್ನು ಹಿಮದ ಚಳಿಯಲ್ಲಿ ಎದುರಿಸಬೇಕಾದುದರಿಂದ ಅವರು ಪಾಕಶಾಲೆಯ ನೆತ್ತಿಯಲ್ಲಿ ಬಾಗಿಲುಳ್ಳ ಎತ್ತರದ ಗೂಡನ್ನು ಕಟ್ಟುವುದು ತಲೆತಲಾಂತರದ ರೂಢಿ. ಇತ್ತೀಚೆಗೆ ಹಲವರು ಪಾತ್ರೆಯ ಮೇಲೆಯೇ ತಗಡಿನ ಗೂಡೆಯನ್ನು ಕವುಚಿ, ಅದರ ನೆತ್ತಿಯಿಂದ ಕೊಳವೆಯನ್ನು ಮಾಡಿನ ಹೊರಕ್ಕೆ ಒಯ್ದು, ಗೂಡೆಯ ಒಳ ಅಂಚಿಗೆ ಸುತ್ತಲೂ ದೋಣಿಯನ್ನು ಬೆಸೆದು, ಹನಿದ ನೀರು ಪಾತ್ರೆಗೆ ಬೀಳದೆ ಹೊರಗೆ ಹರಿಯುವಂತೆ ಮಾಡುವರು.

ಆ ಗೂಡೆಯನ್ನು ನಮ್ಮಲ್ಲಿ ಎಲ್ಲರೂ ಇಡಬೇಕೆಂದು ನಾನು ಹೇಳಲಾರೆ. ಒಂದೇ ಕೊಪ್ಪರಿಗೆಯುಳ್ಳವರು ಮಡ್ಡಿ ತೆಗೆಯುವುದು, ಉಕ್ಕನ್ನು ತಣಿಸುವುದು, ಮರದ ಹುಟ್ಟಿನಿಂದ ಕಲಕುವುದು ಎಲ್ಲವನ್ನೂ ಅದರಲ್ಲಿಯೇ ಮಾಡಬೇಕಾಗಿದೆ. ಮೇಲೆ ಗೂಡೆ ಇದ್ದರೆ ಕೈಯಾಡದು. ಎರಡು ಮೂರು ಕೊಪ್ಪರಿಗೆಗಳ ಸಾಲು ಒಲೆಯುಳ್ಳವರು ಮೊದಲನೆಯ ಕಾಯಿಸುವ ಕೊಪ್ಪರಿಗೆಗೆ ಮಾತ್ರ, ಆಳಿನ ತಲೆಗೆ ತಗುಲದ ಎತ್ತರದಲ್ಲಿ, ಇದನ್ನು ತೂಗಹಾಕಿ ನೋಡಬಹುದು. ಹದದ ಕೊಪ್ಪರಿಗೆಯ ಮೇಲೆ ಬೇಡವೇ ಬೇಡ.

ಹಬೆಯ ಕೊಳವೆಯನ್ನು ಹೊಗೆಯ ಕೊಳವೆಯೊಳಕ್ಕೆ ತಿರುಗಿಸಿದರೆ ಒಂದೇ ದಾರಿಯಲ್ಲಿ ಎರಡು ಕೆಲಸವಾಗುವುದೆಂದು ಬುದ್ಧಿವಂತನೊಬ್ಬನು ಪ್ರತಿ ಊರಿನಲ್ಲಿಯೂ ಹೇಳುವನು. ಹಾಗೆ ಮಾಡಕೂಡದು. ಹೊಗೆಯು ಬಿಸಿಯಾಗಿರುವುದರಿಂದಲೇ ಕೊಳವೆಯು ಉರಿಯನ್ನು ಎಳೆಯುತ್ತದೆ. ಅದರೊಳಕ್ಕೆ ಹಬೆಯನ್ನೂ ತಣ್ಣನೆಯ ಗಾಳಿಯನ್ನೂ ಬಿಟ್ಟರೆ ಎಳೆತ ಸತ್ತು ಹೊಗೆ ಒಲೆಯ ಬಾಯಿಗೆ ತಿರುಗುತ್ತದೆ, ಮಸಿ ನೆನೆದು ಅಂಟಾಗುತ್ತದೆ. ಹೊಗೆಯ ಕೊಳವೆಯ ತುದಿಯು ಹಬೆಗಂಡಿಯ ಮಾಡಿಗಿಂತ ಎತ್ತರವಾಗಿಯೂ ಗಾಳಿಯ ಮರೆಯ ದಿಕ್ಕಿಗೂ ಇರಲಿ. ಇಲ್ಲದಿದ್ದರೆ ಹೊಗೆಯು ಗಂಡಿಯ ಮೂಲಕ ಒಳಗಿಳಿಯುವುದು. ಉರಿ ಹಾಕುವವನು ಕೆಮ್ಮುತ್ತಿದ್ದರೆ ಅದು ಹಬೆಯ ದೋಷವಲ್ಲ, ಒಲೆಯ ದೋಷ. ಅದಕ್ಕೆ ಹಬೆಗಂಡಿಯು ಪರಿಹಾರವಾಗದು.

ವಿದ್ಯುತ್ ಪಂಖವನ್ನು ಇಡುವವರು ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುವಂಥದನ್ನು ನೆತ್ತಿಯಲ್ಲಿ ಇಡಬೇಕೇ ಹೊರತು ನಿಲುವು ಪಂಖವನ್ನು ಕೊಪ್ಪರಿಗೆಯ ಪಕ್ಕದಲ್ಲಿ ಬೀಸಿಸಬಾರದು. ತಂತಿಗೆ ಹಬೆ ತಾಗದಂತೆ ಬಂದೋಬಸ್ತು ಮಾಡತಕ್ಕದ್ದು. ವಿದ್ಯುತ್ತು ನಿಂತಾಗಲೂ ಕೆಲಸ ನಡೆಯಬೇಕಾದುದರಿಂದ ಪಂಖವಿದೆಯೆಂದು ಗಂಡಿಯನ್ನು ಕಿರಿದು ಮಾಡಬಾರದು.

ಅಚ್ಚು ಹಾಕುವ ಸ್ಥಳವನ್ನೂ ಸಿಪ್ಪೆಯ ಬಣವೆಯನ್ನೂ ಗಾಳಿ ಬರುವ ಕಡೆಗೆ ಇಡಿರಿ. ಆರುತ್ತಿರುವ ಬೆಲ್ಲವು ಹಬೆಯ ತೇವವನ್ನು ಹೀರುವುದು ಬೇಗ. ಒಮ್ಮೆ ಹೀರಿದ್ದನ್ನು ಬಿಡುವುದು ತಡ.

ಗಂಡಿಯು ಸರಿಯಾಗಿದೆಯೇ ಎಂಬುದನ್ನು ಮುಖಂಡರು ತಾವೇ ಪರೀಕ್ಷಿಸಬಹುದು. ಹೊತ್ತು ಮೂಡುವ ಮೊದಲು ಒಲೆ ಪೂರ್ತಿ ಉರಿಯುತ್ತಿರುವಾಗ ಹೋಗಿ ಬಾಗಿಲಲ್ಲಿ ನಿಲ್ಲಿರಿ. ಕೊಪ್ಪರಿಗೆಯ ಆಚೆಯ ಅಂಚು ಸುತ್ತಲೂ ಕಾಣಬೇಕು. ಕೊಪ್ಪರಿಗೆಯ ಸುತ್ತಿನ ನೆಲದಲ್ಲಿ ಹನಿ ಬಿದ್ದ ಗುಳಿಗಳಿರಬಾರದು. ಬಣವೆಯೊಳಕ್ಕೆ ಕೈ ಹಾಕಿದರೆ ಸಿಪ್ಪೆ ಸರಸರನೆ ಸದ್ದು ಮಾಡಬೇಕು. ಗಂಡಿಯ ಬಾಯಿಗೆ ಬಟ್ಟೆಯ ಚೂರೊಂದನ್ನು ಕಟ್ಟಿದರೆ ಅದು ಹೊರಕ್ಕೆ ಹಾರುತ್ತಿರಬೇಕು. ಒಳಕ್ಕೆ ತಿರುಗಿದ್ದರೆ ಆ ಪಕ್ಕದ ಹಲಗೆಯನ್ನು ಮುಚ್ಚಿಸಿರಿ. ಯಾವ ಪರೀಕ್ಷೆ ತಪ್ಪಿದರೂ ಕೊಪ್ಪರಿಗೆಯ ಸುತ್ತ ಮೊಣಕಾಲೆತ್ತರದ ಕಟ್ಟೆಯೊಂದನ್ನು ಅದೇ ದಿನ ಹಾಕಿಸಿ, ಮಾಡಿನ ಕೆಲಸವನ್ನು ಆಮೇಲೆ ಹಿಡಿಯಿರಿ. ಆಳಿನ ಕೈ ಉಳಿಯುವುದು ಮೊದಲು.

ಹಳೆಯ ಮಾಡನ್ನು ಬಿಚ್ಚಲು ದಸರೆಯಿಂದ ದೀಪಾವಳಿಯವರೆಗಿನ ಬಿಡುವು ಅನುಕೂಲವಾದುದು. ಒಲೆ ಹೊತ್ತಿಸಿದ ಮೇಲೆ ಮಾಡಿನ ಮೇಲೆ ಬಡಗಿಯನ್ನು ಹತ್ತಿಸಬೇಡಿರಿ.